ಅಕ್ಕ, ತಮ್ಮ ಒಂದೇ ಮನೆಗೆ ಬರಬಹುದೇ?

ಪ್ರಶ್ನೆ: ಪೋಷಕತ್ವ ಯೋಜನೆಯಲ್ಲಿ (ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವ ವ್ಯವಸ್ಥೆ) ಒಂದು ಮಗುವನ್ನು ನೋಡಿಕೊಳ್ಳಲು ನಾವು ದಂಪತಿ ಅರ್ಜಿ ಹಾಕಿದ್ದೇವೆ. 7 ವರ್ಷದ ಹುಡುಗನನ್ನು ಕಳಿಸುವ ಮಾತು ನಡೆದಿದೆ. ಅವನ 11 ವರ್ಷದ ಅಕ್ಕ ಬಾಲಕಿಯರ ಬಾಲಮಂದಿರದಲ್ಲಿದ್ದಾಳೆ. ಇಬ್ಬರನ್ನೂ ಕರೆತರಬಹುದೇ? ನಿಭಾಯಿಸುವುದು ಕಷ್ಟ ಎನ್ನುತ್ತಾರೆ.
– ಓದುಗರು, ಹಾಸನ

ಉತ್ತರ: ಖಂಡಿತ ಕೇಳಿ. ಒಡಹುಟ್ಟಿದವರನ್ನು ಒಂದೇ ಪೋಷಕ ಕುಟುಂಬದಲ್ಲಿಡಲು ಎಲ್ಲ ಪ್ರಯತ್ನ ಮಾಡಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಬೇರೆ ಇಡುವುದರಲ್ಲೇ ಮಕ್ಕಳ ಹಿತವಿದ್ದರೆ ಮಾತ್ರ ವಿನಾಯಿತಿ. ಒಬ್ಬರಿಂದ ಇನ್ನೊಬ್ಬರಿಗೆ ಹಿಂಸೆಯಾಗಿದ್ದರೆ ಅದು ಕಾರಣ. ನಿಮ್ಮ ಅರ್ಜಿಯಲ್ಲಿ 'ಒಂದು ಮಗು' ಎಂದಿರುವುದು ಕಾರಣವಲ್ಲ.

ಇಬ್ಬರಿಗೂ ಸಿದ್ಧರಿದ್ದೇವೆಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈಗಲೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಮನೆಯ ಅಧ್ಯಯನ ವರದಿ ಒಂದೇ ಮಗುವಿನ ಲೆಕ್ಕದಲ್ಲಿ ಆಗಿದ್ದರೆ ತಿದ್ದಿಸಿ: ಇಬ್ಬರಿಗೂ ಬೇರೆ ಬೇರೆ ಹಾಸಿಗೆ, ಶಾಲೆ, ನಿಮ್ಮ ಆದಾಯ ಎಲ್ಲವೂ ಅದರಲ್ಲಿ ಬರಲಿ. ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಮಕ್ಕಳನ್ನು ಬೇರೆ ಬೇರೆಯಾಗಿಯೂ ಮಾತಾಡಿಸುವಂತೆ ಸಮಿತಿಯನ್ನು ಕೋರಿ. ತಮ್ಮನೆದುರು ಅಕ್ಕ ತನ್ನ ಆಸೆ ಹೇಳಿಕೊಳ್ಳುವುದು ಕಡಿಮೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅದು ಕೈಸೇರುವವರೆಗಿನ ಖರ್ಚನ್ನು ಎತ್ತಿಟ್ಟುಕೊಳ್ಳಿ.

ನಿಜವಾದ ಕಷ್ಟ ಮನೆಯೊಳಗಿನದು. ಇಂಥ ಅಕ್ಕಂದಿರು ಬಹಳ ಸಲ ತಮ್ಮನಿಗೆ ತಾಯಿಯಾಗಿಯೇ ಬದುಕಿರುತ್ತಾರೆ. ನೀವು ಅನ್ನ ಕಲಸಿ ಕೊಟ್ಟರೆ ಹುಡುಗ ಅವಳ ಮುಖ ನೋಡುತ್ತಾನೆ, ಅವಳು ತಟ್ಟೆ ಎಳೆದುಕೊಂಡು ತಾನೇ ತಿನ್ನಿಸುತ್ತಾಳೆ. ಅದು ಹಟವಲ್ಲ, ಅವನನ್ನು ಬೇರೆಯವರ ಕೈಗೆ ಬಿಡುವ ಭಯ. 'ನೀನು ಸುಮ್ಮನಿರು' ಎಂದು ಗದರಿದರೆ ಅವಳು ಸೆಟೆದು ನಿಲ್ಲುತ್ತಾಳೆ, ಅವನೂ ನಿಮ್ಮಿಂದ ದೂರವಾಗುತ್ತಾನೆ. ಒಂದೊಂದೇ ಕೆಲಸವನ್ನು ಅವಳನ್ನು ಕೇಳಿಕೊಂಡೇ ನಿಮ್ಮ ಕೈಗೆ ತೆಗೆದುಕೊಳ್ಳಿ: ಮೊದಲು ಶಾಲೆಯ ಚೀಲ, ಆಮೇಲೆ ಊಟ, ಕೊನೆಗೆ ಮಲಗಿಸುವುದು. ಅವಳಿಗೂ ಆಡಲು ಗೆಳತಿಯರು ಬೇಕು. ಎಷ್ಟೇ ಜಗಳವಾದರೂ 'ವಾಪಸ್ ಕಳಿಸ್ತೀವಿ' ಎಂಬ ಮಾತು ಮಾತ್ರ ಬೇಡ.

ಒಟ್ಟಿಗೆ ಕಳಿಸಲು ಸಮಿತಿ ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ಕೇಳಿ. ಪೋಷಕತ್ವದ ಆದೇಶದ ವಿರುದ್ಧ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯವರೆಗೂ ಅಕ್ಕ, ತಮ್ಮ ಯಾವ ವಾರ, ಎಲ್ಲಿ ಭೇಟಿಯಾಗಬೇಕು, ಕರೆದೊಯ್ಯುವವರು ಯಾರು ಎಂಬುದನ್ನು ಆದೇಶದಲ್ಲೇ ಬರೆಸಿ. 'ಆಗಾಗ ಭೇಟಿ' ಎಂದಷ್ಟೇ ಬರೆದರೆ ಭೇಟಿ ತಪ್ಪುತ್ತಲೇ ಹೋಗುತ್ತದೆ.