ಕೊಂಬೆಯ ಬುಡ ಎಲ್ಲಿದೆ?: ನಿಮ್ಮ ಲೇಖನದ ಕುರಿತು

ಮಾನ್ಯರೇ,

ಮರಗಳಲ್ಲಿ ಕೊಂಬೆ ಮತ್ತು ಎಲೆಗಳು ಕಾಂಡಕ್ಕೆ ಹೇಗೆ ಕೂಡಿಕೊಂಡಿರುತ್ತವೆ ಎಂಬುದರ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ನೀವು ಈ ವಿಷಯವನ್ನು ಕೈಬಿಡಬಾರದೆಂಬ ಆಸೆಯಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿ ಮರದ ಪರೋಪಕಾರದ ಹೊಗಳಿಕೆಯಿದೆ, ಅದನ್ನು ತೆಗೆದುಬಿಡಿ. ಲೇಖನ ನಿಜವಾಗಿ ಶುರುವಾಗುವುದು ಮೂರನೆಯ ಪುಟದಲ್ಲಿ, ಅರಳಿಯ ಎಳೆಯ ಕಡ್ಡಿಯ ಮೇಲೆ ಪ್ರತಿ ಗೆಣ್ಣಿನಲ್ಲೂ ಬಳೆಯಂಥ ಗೆರೆ ಕಂಡದ್ದನ್ನು ನೀವು ಹೇಳುವಲ್ಲಿ. ಅದು ನೀವೇ ಕಣ್ಣಾರೆ ಕಂಡು ಗಳಿಸಿದ್ದು. ಚಿಗುರನ್ನು ಸುತ್ತಿಕೊಂಡಿದ್ದ ಪೊರೆಯು ಎಲೆ ಬಿಚ್ಚಿಕೊಂಡಾಗ ಕಳಚಿಬಿದ್ದು ಉಳಿಸಿದ ಗುರುತು ಅದು. ಆಲದಲ್ಲೂ ಹಲಸಿನಲ್ಲೂ ಕಾಣುತ್ತದೆ. ಇಷ್ಟನ್ನು ಹೇಳದೆ ನೀವು ಪಠ್ಯಪುಸ್ತಕದ ವ್ಯಾಖ್ಯೆಗಳಿಗೆ ಹಾರಿದ್ದೀರಿ. ಎಲೆಜೋಡಣೆಗೆ ಮೂರು ಮರಗಳು ಸಾಕು: ಗೆಣ್ಣಿಗೊಂದೇ ಎಲೆಯ ಮಾವು, ಗೆಣ್ಣಿಗೆರಡು ಎಲೆಗಳು ಎದುರುಬದುರಾಗಿರುವ ತೇಗ, ಗೆಣ್ಣಿನ ಸುತ್ತ ಐದಾರು ಎಲೆಗಳು ಕೊಡೆಯಂತೆ ಹರಡುವ ಹಾಲೆಮರ.

ಬೇವಿನ ವಿಷಯದಲ್ಲಿ ತಪ್ಪಾಗಿದೆ. ನೀವು ಎಲೆಗಳೆಂದು ಎಣಿಸಿದವು ಒಂದೇ ಎಲೆಯ ಕಿರುಎಲೆಗಳು. ತೊಟ್ಟು ಕಡ್ಡಿಗೆ ಸೇರುವ ಮೂಲೆಯನ್ನು, ಅಂದರೆ ಕಂಕುಳನ್ನು, ನೋಡಿದ್ದರೆ ಅನುಮಾನ ಉಳಿಯುತ್ತಿರಲಿಲ್ಲ: ಎಲೆಯ ಕಂಕುಳಲ್ಲಿ ಮೊಗ್ಗಿರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಮುಂದೆ ಕೊಂಬೆಯಾಗುವುದು ಈ ಮೊಗ್ಗೇ ಆದ್ದರಿಂದ ಎಲೆಯ ಮಾತಿನಿಂದ ಕೊಂಬೆಯ ಮಾತಿಗೆ ದಾಟುವ ಸೇತುವೆಯೂ ಇದೇ. ನಿಮ್ಮ ಲೇಖನದಲ್ಲಿ ಆ ಸೇತುವೆಯೇ ಇಲ್ಲ.

ಇನ್ನೂ ದೊಡ್ಡ ತಪ್ಪು, ಮರ ಬೆಳೆದಂತೆ ಕೊಂಬೆಯೂ ಮೇಲೇರುತ್ತದೆ ಎಂಬ ವಾಕ್ಯ. ಮರ ಎತ್ತರವಾಗುವುದು ತುದಿಯಲ್ಲಿ ಮಾತ್ರ. ಎದೆಮಟ್ಟದಲ್ಲಿ ಹುಟ್ಟಿದ ಕೊಂಬೆ ಎಷ್ಟು ವರ್ಷ ಕಳೆದರೂ ಎದೆಮಟ್ಟದಲ್ಲೇ ಇರುತ್ತದೆ. ಕಾಂಡ ಮಾತ್ರ ಪದರದ ಮೇಲೆ ಪದರ ಸೇರಿಸಿಕೊಂಡು ದಪ್ಪವಾಗುತ್ತ ಕೊಂಬೆಯ ಬುಡವನ್ನು ತನ್ನೊಳಗೆ ಹೂತುಕೊಳ್ಳುತ್ತದೆ. ಹಲಗೆಯಲ್ಲಿ ಬಡಗಿ ಗಂಟು ಎಂದು ತೋರಿಸುವುದು ಹೀಗೆ ಹೂತುಹೋದ ಕೊಂಬೆಯನ್ನೇ. ಕೊಂಬೆ ಜೀವಂತವಾಗಿದ್ದಾಗ ಹೂತ ಗಂಟು ಸುತ್ತಲಿನ ಕಟ್ಟಿಗೆಯೊಡನೆ ಬೆಸೆದಿರುತ್ತದೆ. ಸತ್ತ ಮೇಲೆ ಹೂತದ್ದು ಸಡಿಲವಾಗಿದ್ದು, ಹಲಗೆ ಒಣಗಿದಾಗ ಕಳಚಿಬಿದ್ದು ತೂತು ಉಳಿಯಬಹುದು.

ಈ ಬೆಸುಗೆಯನ್ನು ಸಾವಿರಾರು ಮರಗಳನ್ನು ಸೀಳಿ ನೋಡಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. 1985ರ ಪ್ರಬಂಧದಲ್ಲಿ ಅವರು ವಿವರಿಸಿದಂತೆ, ಬೆಳವಣಿಗೆಯ ಋತುವಿನಲ್ಲಿ ಮೊದಲು ಕೊಂಬೆಯ ಕಟ್ಟಿಗೆ ಬೆಳೆದು ಅದರ ಬುಡ ಕಾಂಡದ ಮೇಲೆ ಕೆಳಮುಖವಾಗಿ ತಿರುಗುತ್ತದೆ, ಬಳಿಕ ಕಾಂಡದ ಕಟ್ಟಿಗೆ ಅದನ್ನು ಬಳಸಿಕೊಂಡು ಮುಚ್ಚುತ್ತದೆ. ಕೊಂಬೆಯ ಬುಡದಲ್ಲಿ ಕಾಣುವ ಉಬ್ಬು ಹೀಗೆ ಆದದ್ದು. ಕೊಂಬೆ ಕಡಿಯುವವರು ಕಾಂಡಕ್ಕೆ ಸಮನಾಗಿ ಕೊಯ್ದರೆ ಆ ಉಬ್ಬೂ ಹೋಗಿ, ಗಾಯ ಕಾಂಡದ ಕಟ್ಟಿಗೆಗೇ ತಗಲುತ್ತದೆ. ನಮ್ಮ ರಸ್ತೆಬದಿಯ ಮರಗಳಲ್ಲಿ ಇಂಥ ಗಾಯ ಕೊಳೆತು ಪೊಟರೆಯಾಗಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಬ್ಬಿನ ಹೊರಗೆ ಕೊಯ್ಯಬೇಕೆಂಬ ಮಾತು ನಿಮ್ಮ ಲೇಖನದಲ್ಲಿ ಇರಲೇಬೇಕು.

ಎಲೆಯದು ಬೇರೆಯೇ ಕಥೆ. ಅದರ ತೊಟ್ಟಿನ ಬುಡದಲ್ಲಿ ಕಳಚಿಕೊಳ್ಳಲೆಂದೇ ತೆಳುವಾದ ಕೋಶಪದರವಿದೆ. ಎಲೆ ಉದುರುವಾಗ ಆ ಪದರ ಬಿಟ್ಟುಕೊಡುತ್ತದೆ, ಕಾಂಡದ ಕಡೆ ಕಾರ್ಕ್‌ನಂಥ ಹೊದಿಕೆ ಬೆಳೆದು ಗಾಯ ಮುಚ್ಚುತ್ತದೆ. ಬೇಸಿಗೆಯಲ್ಲಿ ಎಲೆಯುದುರಿದ ತೇಗದ ರೆಂಬೆಯೊಂದನ್ನು ಕೈಯಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ: ಎಲೆಯ ಕಲೆಯೊಳಗೆ ನೀರು, ಆಹಾರ ಸಾಗಿದ ನಾಳಗಳ ತುಂಡರಿದ ತುದಿಗಳು ಚುಕ್ಕೆಗಳಾಗಿ ಕಾಣುತ್ತವೆ, ಕಲೆಯ ಮೇಲುಗಡೆ ಮೊಗ್ಗು ಕುಳಿತಿರುತ್ತದೆ.

ಗಂಟಿರುವ ಹಲಗೆಯೊಂದನ್ನೂ ಆ ತೇಗದ ರೆಂಬೆಯನ್ನೂ ಮೇಜಿನ ಮೇಲಿಟ್ಟುಕೊಂಡು, ಕಂಡದ್ದರಿಂದಲೇ ಲೇಖನವನ್ನು ಮತ್ತೆ ಬರೆಯಿರಿ. ಜೊತೆಗೆ ಅರಳಿಯ ಗೆಣ್ಣಿನದೊಂದು ರೇಖಾಚಿತ್ರವನ್ನೂ ಕಳುಹಿಸಿ, ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ