ಹ್ಯಾಲೋವೀನ್ ಮುಗಿಯುವಷ್ಟರಲ್ಲಿ ಚುನಾವಣೆ: ಅಮೆರಿಕದಲ್ಲಿ ಮತ ಹಾಕುವ ಕನ್ನಡಿಗರಿಗೆ ಆ ವಾರ ಹೇಗಿರುತ್ತದೆ?

ವೇಷ ಹಾಕಿಕೊಂಡು ಮತಗಟ್ಟೆಗೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ಅದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಹೋಗಬಹುದು. ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಓಕ್ಲೆಂಡ್ ಕೌಂಟಿ. ಇಲ್ಲಿ ನೀವು ಮಾಟಗಾತಿಯಾಗಿ ಬನ್ನಿ, ಬಾಳೆಹಣ್ಣಾಗಿ ಬನ್ನಿ, ಯಾರ ಅಭ್ಯಂತರವೂ ಇಲ್ಲ. ಗುರುತಿನ ಚೀಟಿ ತೋರಿಸುವಾಗ ಮುಖ ಕಂಡರಾಯಿತು. ಆದರೆ ಅಭ್ಯರ್ಥಿಯ ಹೆಸರಿರುವ ಟೋಪಿ, ಅಂಗಿ, ಬ್ಯಾಡ್ಜು ಮಾತ್ರ ಮತಗಟ್ಟೆಯ ಬಾಗಿಲಿನಿಂದ 100 ಅಡಿಯೊಳಗೆ ನಡೆಯುವುದಿಲ್ಲ. ಅಂದರೆ ಬಾಯಿಂದ ರಕ್ತ ಸುರಿಸುತ್ತಾ ಬಂದ ಡ್ರಾಕುಲಾನನ್ನು ಒಳಗೆ ಬಿಡುತ್ತಾರೆ, ಪಕ್ಷದ ಟೋಪಿ ಹಾಕಿದ ಪಾಪದ ಮನುಷ್ಯ ಟೋಪಿ ತೆಗೆದಿಟ್ಟು ಬರಬೇಕು.

ಇನ್ನು ಆ ವಾರದ ಕಥೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹಬ್ಬ ಹ್ಯಾಲೋವೀನ್, ಪ್ರತಿ ವರ್ಷ ಅಕ್ಟೋಬರ್ 31. ಚುನಾವಣೆಯ ದಿನವನ್ನು 1845ರ ಕಾಯ್ದೆ ಗೊತ್ತುಮಾಡಿದೆ: ನವೆಂಬರಿನ ಮೊದಲ ಸೋಮವಾರ ಕಳೆದ ಮೇಲೆ ಬರುವ ಮಂಗಳವಾರ. ಹೀಗಾಗಿ ಅದು 2ನೇ ತಾರೀಖಿಗಿಂತ ಮುಂಚೆ ಬರುವುದಿಲ್ಲ, 8 ದಾಟುವುದಿಲ್ಲ. ಆಗ ಇದು ರೈತರ ದೇಶ. ಸುಗ್ಗಿ ಮುಗಿದಿರಬೇಕು, ಚಳಿ ಬಿಗಿದಿರಬಾರದು, ಭಾನುವಾರ ಚರ್ಚು, ಸೋಮವಾರ ಗಾಡಿ ಕಟ್ಟಿಕೊಂಡು ಊರು ಬಿಡುವುದು, ಮಂಗಳವಾರ ಮತ, ಬುಧವಾರ ಸಂತೆ. ಮಂಗಳವಾರ ಯಾವ ಶುಭಕಾರ್ಯವನ್ನೂ ಶುರುಮಾಡಬಾರದು ಎನ್ನುತ್ತಿದ್ದರು ನಮ್ಮಜ್ಜಿ. ವಾಷಿಂಗ್ಟನ್‌ನಲ್ಲಿ ಯಾರೂ ಅವರನ್ನು ಕೇಳಿದಂತಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. 2024ರಲ್ಲಿ ಏನಾಯಿತು ನೋಡಿ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ಅವತ್ತೇ ನರಕ ಚತುರ್ದಶಿ. ಮರುದಿನ ಕನ್ನಡ ರಾಜ್ಯೋತ್ಸವ. ಎರಡನೇ ತಾರೀಖು ಬಲಿಪಾಡ್ಯಮಿ. ಮೂರರ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಐದಕ್ಕೆ ಅಧ್ಯಕ್ಷೀಯ ಚುನಾವಣೆ. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಮನೆ ಮುಂದೆ ಪ್ಲಾಸ್ಟಿಕ್ ಅಸ್ಥಿಪಂಜರ, ಅದರ ಕಾಲ ಬುಡದಲ್ಲಿ ಹಣತೆ. ನಮ್ಮ ಬೀದಿಯವರಿಗೆ ಅದೂ ಅಲಂಕಾರದ ಭಾಗವೇ ಅನ್ನಿಸಿತು. ತುಂಬ ಚೆನ್ನಾಗಿದೆ ಅಂದರು. ನಡುವೆ ಬಲೀಂದ್ರನ ನೆನಪಾಗಿ ನಗು ಬಂತು. ಸೋತು ಪಾತಾಳ ಸೇರಿದ ಮೇಲೂ ವರ್ಷಕ್ಕೊಮ್ಮೆ ತಪ್ಪದೆ ಕ್ಷೇತ್ರಕ್ಕೆ ಭೇಟಿ ಕೊಡುವ ನಾಯಕ ನನಗೆ ಗೊತ್ತಿರುವ ಹಾಗೆ ಅವನೊಬ್ಬನೇ.

ರಾಜಕಾರಣಿಗಳದ್ದು ವರ್ಷಪೂರ್ತಿ ವೇಷ ಎಂಬ ಜೋಕನ್ನು ನಾನು ಹೇಳುವುದಿಲ್ಲ, ಅಕ್ಟೋಬರ್ ತಿಂಗಳಲ್ಲಿ ಇಲ್ಲಿ ಪ್ರತಿ ಆಫೀಸಿನಲ್ಲೂ ಒಬ್ಬ ಅದನ್ನು ಹೇಳಿ ತಾನೇ ನಗುತ್ತಿರುತ್ತಾನೆ. ಮುಖವಾಡದ ಅಂಗಡಿಗಳಲ್ಲಿ ಯಾವ ಅಭ್ಯರ್ಥಿಯ ಮುಖ ಹೆಚ್ಚು ಖರ್ಚಾಗುತ್ತದೋ ಅವರೇ ಗೆಲ್ಲುತ್ತಾರೆ ಎಂದು ನಂಬುವವರೂ ಇದ್ದಾರೆ. ನಮ್ಮಲ್ಲಿ ಮೈಲಾರದ ಕಾರಣಿಕ ಕೇಳಿ ಸರ್ಕಾರ ಉಳಿಯುತ್ತದಾ ಬೀಳುತ್ತದಾ ಎಂದು ಲೆಕ್ಕ ಹಾಕುವುದಿಲ್ಲವೇ, ಹಾಗೆ. ಗೊರವಯ್ಯ ಬಿಲ್ಲೇರಿ ಒಂದೇ ಸಾಲು ಹೇಳಿ ಸುಮ್ಮನಾಗುತ್ತಾನೆ. ಇಲ್ಲಿನ ಟಿವಿಯವರಿಗೆ ಆ ಸಂಯಮ ಇಲ್ಲ.

ಟಿವಿ ಅಂದೆನಲ್ಲ, ಅದನ್ನು ಹೇಳಲೇಬೇಕು. ಮಿಷಿಗನ್ ಯಾವ ಕಡೆ ವಾಲುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. 2016ರಲ್ಲಿ ಇಡೀ ರಾಜ್ಯದ ಅಂತರ 10,704 ಮತ. ನಮ್ಮಲ್ಲಿ ಎಷ್ಟೋ ವಿಧಾನಸಭಾ ಕ್ಷೇತ್ರಗಳಲ್ಲಿ ಇದಕ್ಕಿಂತ ದೊಡ್ಡ ಅಂತರದಲ್ಲಿ ಗೆಲ್ಲುತ್ತಾರೆ. ಆದ್ದರಿಂದ ಅಕ್ಟೋಬರ್ ಪೂರ್ತಿ ಜಾಹೀರಾತಿನ ಮಳೆ. ಕಪ್ಪು ಬಿಳುಪು ಚಿತ್ರ, ಎದುರಾಳಿಯ ಮುಖ ನಿಧಾನವಾಗಿ ಹತ್ತಿರ ಬರುತ್ತದೆ, ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸಂಗೀತ, ಗೊಗ್ಗರು ದನಿಯಲ್ಲಿ ಎಚ್ಚರಿಕೆ. ಅದರ ಬೆನ್ನಿಗೇ ಹ್ಯಾಲೋವೀನ್‌ಗೆಂದು ಬಿಟ್ಟ ದೆವ್ವದ ಸಿನಿಮಾದ ಟ್ರೇಲರ್. ಎಂಟು ವರ್ಷದ ನನ್ನ ಮಗಳಿಗೆ ಯಾವುದು ಯಾವುದೆಂದು ತಿಳಿಯುವುದು ಕೊನೆಯ ಸಾಲಿನಿಂದ ಮಾತ್ರ: ಅಭ್ಯರ್ಥಿ ಕಾಣಿಸಿಕೊಂಡು, ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ ಎನ್ನಬೇಕು, ಅದು ಕಾನೂನು. ದೆವ್ವ ಹಾಗೆ ಹೇಳುವುದಿಲ್ಲ. ಅವಳು ಆ ಸಾಲನ್ನು ಕಲಿತುಬಿಟ್ಟಳು. ಊಟಕ್ಕೆ ಕೂತು, ನಂಗೆ ಪಲ್ಯ ಬೇಡ, ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ.

ಆಮೇಲೆ ಬಾಗಿಲು ಬಡಿಯುವವರು. ಎರಡೂ ಪಕ್ಷದ ಕಾರ್ಯಕರ್ತರು ಸರದಿಯ ಮೇಲೆ ಬರುತ್ತಾರೆ, ಕೈಯಲ್ಲಿ ಫೋನು, ಫೋನಿನಲ್ಲಿ ನಮ್ಮ ಹೆಸರು. ನಮ್ಮೂರಲ್ಲಿ ಚುನಾವಣೆಗೆ ಬಾಗಿಲಿಗೆ ಬಂದವರು ಏನಾದರೂ ಕೊಟ್ಟು ಹೋಗುತ್ತಾರೆ, ಸೀರೆಯೋ ಕುಕ್ಕರೋ. ಇಲ್ಲಿ ಕರಪತ್ರ ಬಿಟ್ಟರೆ ಏನೂ ಹುಟ್ಟುವುದಿಲ್ಲ. ತಿರುಗಿ ನಾನೇ ಹ್ಯಾಲೋವೀನ್‌ಗೆ ತಂದಿಟ್ಟ ಬುಟ್ಟಿಯಿಂದ ಒಬ್ಬ ಹುಡುಗನಿಗೆ ಚಾಕೊಲೇಟ್ ಕೊಟ್ಟೆ, ಕಾಲೇಜು ಹುಡುಗ, ಚಳಿಯಲ್ಲಿ ನಡುಗುತ್ತಿದ್ದ. ಮತದಾರರೇ ಪಕ್ಷಕ್ಕೆ ಆಮಿಷ ಒಡ್ಡುವುದಕ್ಕೆ ಯಾವ ಕಲಮು ಅನ್ವಯಿಸುತ್ತದೋ.

ನನ್ನ ಗಂಡ ಇದಕ್ಕೊಂದು ಉಪಾಯ ಮಾಡಿದರು. 90ರ ದಶಕದಲ್ಲಿ ಬೆಂಗಳೂರಿನ ಕಡೆ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ರಾತ್ರಿ ಹೊತ್ತು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ಸರಿ ನಾಳೆ ಬರೋಣ ಎಂದು ವಾಪಸು ಹೋಗಲಿ ಅಂತ. ಅದನ್ನೇ ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು. ಹ್ಯಾಲೋವೀನ್ ಅಲಂಕಾರವೂ ಆಯಿತು, ಕಾರ್ಯಕರ್ತರಿಗೆ ಸೂಚನೆಯೂ ಆಯಿತು. ಅಮೆರಿಕನ್ ಕಾರ್ಯಕರ್ತರಿಗೆ ಓದಲು ಬರಲಿಲ್ಲ, ಅವರು ಎಂದಿನಂತೆ ಬಡಿದರು. ಓದಲು ಬಂದದ್ದು ಒಬ್ಬರಿಗೇ. ನಮ್ಮ ಕನ್ನಡ ಕೂಟದ ಹಿರಿಯರು, ಎಲ್ಲರೂ ಆಂಟಿ ಎನ್ನುವವರು, ನಿವೃತ್ತಿಯ ನಂತರ ಒಂದು ಪಕ್ಷಕ್ಕೆ ಮನೆಮನೆ ತಿರುಗುತ್ತಾರೆ. ಯಾವ ಪಕ್ಷ ಎಂದು ಹೇಳುವುದಿಲ್ಲ, ರಾಜ್ಯೋತ್ಸವದ ಊಟಕ್ಕೆ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂರಬೇಕು.

ಬಾಗಿಲು ತೆಗೆದರೆ ಆಂಟಿ. “ನಿನ್ನೆ ಬಂದಿದ್ದೆ ಕಣಮ್ಮ. ನಾಳೆ ಬಾ ಅಂತ ಬರೆದಿದ್ರಲ್ಲ, ಅದಕ್ಕೇ ಇವತ್ತು ಬಂದೆ.”

ಅಷ್ಟು ವರ್ಷ ಯಾವ ದೆವ್ವಕ್ಕೂ ಹೊಳೆಯದ ತರ್ಕ. ಒಳಗೆ ಕರೆದು ಕಾಫಿ ಕೊಟ್ಟೆ, ಇನ್ನೇನು ಮಾಡಲಿ.

ಮಗಳಿಗೆ ಆ ವರ್ಷ ಒನಕೆ ಓಬವ್ವನ ವೇಷ. ಇದರಲ್ಲಿ ದೇಶಪ್ರೇಮಕ್ಕಿಂತ ಉಳಿತಾಯದ ಲೆಕ್ಕವೇ ಹೆಚ್ಚು. ಕೂಟದ ರಾಜ್ಯೋತ್ಸವದಲ್ಲಿ ಮಕ್ಕಳ ವೇಷಭೂಷಣ ಸ್ಪರ್ಧೆ ಹೇಗೂ ಇರುತ್ತದೆ, ಒಂದೇ ಖರ್ಚಿನಲ್ಲಿ ಎರಡೂ ಕಡೆಗೆ ಆಗುತ್ತದೆ. ಕಚ್ಚೆ ಸೀರೆ, ಹಣೆಗೆ ಕಾಸಗಲ ಕುಂಕುಮ, ಪಾರ್ಸೆಲ್ ಬಂದ ರಟ್ಟಿನ ಕೊಳವೆಗೆ ಕಂದು ಬಣ್ಣ ಬಳಿದು ಒನಕೆ. ಚಳಿಗೆಂದು ಅದರ ಮೇಲೊಂದು ಜಾಕೆಟ್ (ಮಿಷಿಗನ್‌ನ ಮಕ್ಕಳೆಲ್ಲ ಯಾವ ವೇಷ ಹಾಕಿದರೂ ಕೊನೆಗೆ ಜಾಕೆಟ್ ಹಾಕಿದವರಾಗಿಯೇ ಕಾಣುತ್ತಾರೆ). ಆ ಅಕ್ಟೋಬರಿನಲ್ಲಿ ಡೆಟ್ರಾಯ್ಟ್ ಟೈಗರ್ಸ್ ತಂಡ ಹತ್ತು ವರ್ಷದ ನಂತರ ಬೇಸ್‌ಬಾಲ್ ಪ್ಲೇಆಫ್ ಆಡಿತ್ತು. ಎದುರು ಮನೆಯ ಅಜ್ಜ ರಟ್ಟಿನ ಒನಕೆ ನೋಡಿ, ಓಹೋ ಟೈಗರ್ಸ್ ಆಟಗಾರ್ತಿ ಬಂದಳು ಎಂದು ಖುಷಿಯಾಗಿ ದೊಡ್ಡ ಚಾಕೊಲೇಟನ್ನೇ ಕೊಟ್ಟರು. ಮಗಳು ಅಲ್ಲೇ ನಿಂತು ಚಿತ್ರದುರ್ಗ, ಹೈದರಾಲಿ, ಕೋಟೆಯ ಕಿಂಡಿ, ಒಬ್ಬೊಬ್ಬರೇ ತಲೆ ತೂರಿಸಿದ ಸೈನಿಕರು, ಎಲ್ಲವನ್ನೂ ಅಭಿನಯ ಸಮೇತ ವಿವರಿಸಿದಳು. ಹಿಂದೆ ಚೀಲ ಹಿಡಿದ ಮಕ್ಕಳ ಸಾಲು ಬೆಳೆಯುತ್ತಲೇ ಇತ್ತು. ಕೊನೆಗೆ, ನಾನು ಓಬವ್ವ, ಈ ಸಂದೇಶಕ್ಕೆ ನನ್ನ ಒಪ್ಪಿಗೆ ಇದೆ. ಅಜ್ಜ ಇನ್ನೊಂದು ಚಾಕೊಲೇಟ್ ಕೊಟ್ಟರು.

ಇಷ್ಟೆಲ್ಲದರಲ್ಲಿ ಭಯ ಎಲ್ಲಿ ಅಂತ ಕೇಳಿದರೆ, ಬ್ಯಾಲೆಟ್‌ನ ಹಿಂಬದಿಯಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಊರಲ್ಲಿರುವವರಿಗೆ ಇದರ ಕಲ್ಪನೆ ಇರುವುದಿಲ್ಲ. ಮೈಸೂರಿನಲ್ಲಿ ಮತ ಹಾಕುವುದೆಂದರೆ ಒಂದು ಯಂತ್ರ, ಒಂದು ಚಿಹ್ನೆ, ಒಂದು ಗುಂಡಿ. ಕುಂಯ್ ಎನ್ನುತ್ತದೆ, ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಮುಗಿಯಿತು. ಇಲ್ಲಿ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಷ್ಟು ಉದ್ದದ ಕಾಗದ, ಅಂಡಾಕಾರದ ಗುಳಿಗಳನ್ನು ಪೆನ್ನಿನಿಂದ ತುಂಬಬೇಕು. ಅಧ್ಯಕ್ಷರು, ಸೆನೆಟರ್, ಸಂಸದರು, ರಾಜ್ಯದ ಶಾಸಕರು. ಅಲ್ಲಿಯವರೆಗೆ ಸರಿ, ಇವರ ಮುಖಗಳನ್ನು ಟಿವಿಯಲ್ಲಿ ನೋಡಿ ನೋಡಿ ಕನಸಿನಲ್ಲೂ ಬರುತ್ತಿರುತ್ತವೆ. ಆಮೇಲೆ ರಾಜ್ಯ ಶಿಕ್ಷಣ ಮಂಡಳಿ. ಮಿಷಿಗನ್ ವಿಶ್ವವಿದ್ಯಾಲಯದ ರೀಜೆಂಟರು, ಅಂದರೆ ಆಡಳಿತ ಮಂಡಳಿಯ ಸದಸ್ಯರು, ಎಂಟು ವರ್ಷದ ಅವಧಿಗೆ ಇಬ್ಬರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಟ್ರಸ್ಟಿಗಳು ಇಬ್ಬರು. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಗವರ್ನರುಗಳು ಇಬ್ಬರು. ನಮ್ಮಲ್ಲಿ ಸಿಂಡಿಕೇಟ್ ಸದಸ್ಯರು ಯಾರೆಂದು ಸಿಂಡಿಕೇಟ್ ಸದಸ್ಯರ ಮನೆಯವರಿಗಷ್ಟೇ ಗೊತ್ತಿರುತ್ತದೆ, ಇಲ್ಲಿ ಅವರನ್ನು ಇಡೀ ರಾಜ್ಯವೇ ಆರಿಸುತ್ತದೆ.

ಮಿಷಿಗನ್‌ನ ಎಷ್ಟೋ ಕೌಂಟಿಗಳಲ್ಲಿ ಡ್ರೈನ್ ಕಮಿಷನರ್ ಎಂಬ ಹುದ್ದೆಗೂ ಚುನಾವಣೆ ಉಂಟು. ಹೌದು, ಚರಂಡಿಗೆ. ನಮ್ಮ ಕೌಂಟಿಯಲ್ಲಿ ಅದಕ್ಕೀಗ ಜಲಸಂಪನ್ಮೂಲ ಕಮಿಷನರ್ ಎಂಬ ಗೌರವದ ಹೆಸರಿದೆ, ಆದರೆ ಹಳಬರ ಬಾಯಲ್ಲಿ ಇನ್ನೂ ಡ್ರೈನೇ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಬೇಸ್‌ಮೆಂಟಿಗೆ ಮಳೆನೀರು ನುಗ್ಗಿದ ವರ್ಷದಿಂದ ನನ್ನ ಮಟ್ಟಿಗೆ ಅಧ್ಯಕ್ಷರಿಗಿಂತ ಈ ಹುದ್ದೆಯೇ ದೊಡ್ಡದು. ಅದರ ಅಭ್ಯರ್ಥಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಕೂಟದಲ್ಲಿ ಅದರ ಬಗ್ಗೆ ಮಾತು ತೆಗೆದರೆ ಪಕ್ಕದವರು ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗುತ್ತಾರೆ.

ಒಂದೇ ಗುಳಿ ತುಂಬಿದರೆ ಇಡೀ ಪಕ್ಷಕ್ಕೆ ಮತ ಹೋಗುವ ಸೌಲಭ್ಯ ಇಲ್ಲಿದೆ. ಸೋಮಾರಿಗಳಿಗೆ ವರ ಅನ್ನಿಸುತ್ತದೆ ಅಲ್ಲವೇ? ಅಲ್ಲೇ ಇರುವುದು ಕೊಕ್ಕೆ. ಪಕ್ಷವಿಲ್ಲದ ವಿಭಾಗಕ್ಕೆ ಅದು ಅನ್ವಯಿಸುವುದಿಲ್ಲ, ಪುಟ ತಿರುಗಿಸಿದರೆ ನ್ಯಾಯಾಧೀಶರು ಕಾದು ಕೂತಿರುತ್ತಾರೆ. ರಾಜ್ಯದ ಸುಪ್ರೀಂ ಕೋರ್ಟಿಗೆ ಅಭ್ಯರ್ಥಿಗಳನ್ನು ಹೆಸರಿಸುವುದು ಪಕ್ಷಗಳ ಸಮಾವೇಶಗಳೇ, ಆದರೆ ಬ್ಯಾಲೆಟ್‌ನಲ್ಲಿ ಅವರ ಹೆಸರಿನ ಮುಂದೆ ಪಕ್ಷ ಇರುವುದಿಲ್ಲ. ಆಮೇಲೆ ಮೇಲ್ಮನವಿ ಕೋರ್ಟು, ಜಿಲ್ಲಾ ಕೋರ್ಟು, ಶಾಲಾ ಮಂಡಳಿ. ಎಲ್ಲ ಅಪರಿಚಿತ ಹೆಸರುಗಳು, ಎಲ್ಲರೂ ಒಳ್ಳೆಯವರಂತೆ ಕಾಣುತ್ತಾರೆ. ನನ್ನ ಗಂಡ ಹೆಸರು ಚೆನ್ನಾಗಿದ್ದವರಿಗೆ ಹಾಕುತ್ತಾರೆ. ನಾನು ಹಿಂದಿನ ರಾತ್ರಿ ಮಾದರಿ ಬ್ಯಾಲೆಟ್ ತೆರೆದಿಟ್ಟುಕೊಂಡು ಚೀಟಿ ಮಾಡಿಕೊಂಡು ಹೋಗುತ್ತೇನೆ. ಚಕ್ಕುಲಿ ಕರಿಯುತ್ತಾ ಓದಿದ್ದರಿಂದ ಆ ವರ್ಷದ ಚೀಟಿಗೆ ಎಣ್ಣೆ ಹತ್ತಿತ್ತು.

ಮಿಷಿಗನ್‌ನಲ್ಲಿ 2022ರ ಜನಮತದ ನಂತರ ಮುಂಚಿತ ಮತದಾನಕ್ಕೆ ಒಂಬತ್ತು ದಿನ ಅವಕಾಶವಿದೆ. 2024ರಲ್ಲಿ ಅದು ಅಕ್ಟೋಬರ್ 26ರಿಂದ ನವೆಂಬರ್ 3. ನಾನು ಹೋಗಿದ್ದು ಹ್ಯಾಲೋವೀನ್ ದಿನದ ಮಧ್ಯಾಹ್ನ, ಹಬ್ಬದ ರೇಷ್ಮೆ ಸೀರೆಯಲ್ಲೇ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಜೇನುಹುಳು, ಹಿಂದೆ ಒಬ್ಬ ಕಡಲ್ಗಳ್ಳ. ಜೇನುಹುಳು ತಿರುಗಿ ನೋಡಿ ನನ್ನ ವೇಷ ಬಹಳ ಚೆನ್ನಾಗಿದೆ ಅಂದಿತು.

ಕಾಗದವನ್ನು ಯಂತ್ರಕ್ಕೆ ನಾವೇ ತೂರಿಸಬೇಕು. ಹೊರಬರುವಾಗ ಮತ ಹಾಕಿದ್ದೇನೆ ಎಂದು ಬರೆದ ಸ್ಟಿಕರ್ ಕೊಡುತ್ತಾರೆ. ಆ ವರ್ಷ ರಾಜ್ಯದಲ್ಲಿ ಅದಕ್ಕೊಂದು ಚಿತ್ರಸ್ಪರ್ಧೆ ಇಟ್ಟಿದ್ದರು. ಗೆದ್ದವುಗಳಲ್ಲಿ ಒಂದು 12 ವರ್ಷದ ಹುಡುಗಿ ಬಿಡಿಸಿದ್ದು: ಬಾಯಿ ತೆರೆದು ಊಳಿಡುತ್ತಾ ಮೈಮೇಲಿನ ಅಂಗಿಯನ್ನು ಪರಪರ ಹರಿದುಕೊಳ್ಳುತ್ತಿರುವ ತೋಳಮಾನವ, ಹಿಂದೆ ಅಮೆರಿಕದ ಬಾವುಟ. ಬ್ಯಾಲೆಟ್‌ನ ಹಿಂಬದಿ ಮುಗಿಸಿ ಬಂದವರ ಮನಸ್ಥಿತಿಯನ್ನು ಇಷ್ಟು ನಿಖರವಾಗಿ ಇನ್ಯಾರೂ ಹಿಡಿದಿಲ್ಲ. ನನಗೆ ಅದೇ ಸಿಕ್ಕಿತು. ಸೆರಗಿಗೆ ಅಂಟಿಸಿಕೊಂಡು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ, ಇನ್ನೂ ಎದ್ದಿದ್ದರು, ತಕ್ಷಣ ಫೋನು.

“ಇದೇನೇ ಇದು, ನರಕಾಸುರನಾ?”

“ತೋಳ ಅಮ್ಮ. ವೋಟ್ ಹಾಕಿದ್ದಕ್ಕೆ ಕೊಟ್ರು.”

“ಬೆರಳಿಗೆ ಮಸಿ?”

“ಇಲ್ಲಿ ಮಸಿ ಹಾಕಲ್ಲ.”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಭಾರತದ ಚುನಾವಣೆಗಳಿಗೆ 1962ರಿಂದ ಮಸಿ ಹೋಗುವುದು ನಮ್ಮೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಿಂದ. ಊರಿನ ಹೆಮ್ಮೆಗಳಲ್ಲಿ ಮೈಸೂರುಪಾಕ್ ನಂತರ ಅಮ್ಮನಿಗೆ ಅದೇ.

“ಅಷ್ಟು ದೊಡ್ಡ ದೇಶ, ಒಂದ್ ತೊಟ್ಟು ಮಸಿಗೆ ಗತಿ ಇಲ್ವಾ? ನಮ್ಮೋರು ಹೊರದೇಶಕ್ಕೂ ಮಾರ್ತಾರಂತೆ ಕಣೆ, ಅವ್ರಿಗೊಂದು ಕಾಗದ ಬರಿಯೋಕೆ ಹೇಳು.”