ಪ್ರಯೋಗದ ಹಂತದ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಬಿಡುಗಡೆ ನಿಯಮ ಬೇಕಾ?

"ಇನ್ನೂ 0.x ನಲ್ಲಿದೆ, ಪ್ರಯೋಗ ಅಂತ ಬರೆದಿದ್ದೇನೆ, ನಿಯಮ ಯಾಕೆ" ಅಂತ ಕೇಳಿದ್ದೀರಿ. 0.x ಅಂದರೆ ಇನ್ನೂ 1.0 ಆಗದ ಆವೃತ್ತಿ. ನಾನೂ ಥೇಟ್ ಹೀಗೇ ಅಂದುಕೊಂಡಿದ್ದೆ.

ನಮ್ಮದು ಗಂಗಾವತಿ. ಇಲ್ಲಿ ರೈಸ್ ಮಿಲ್ಲುಗಳು ಜಾಸ್ತಿ. ಲಾರಿ ತೂಗುವ ಕಾಟಾದಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಓದುವ ಸಣ್ಣ ಪೈಥಾನ್ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡು) ಬರೆದು, ಪೈಥಾನ್ ಲೈಬ್ರರಿಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ತಾಣ ಪೈಪಿಐಗೆ ಹಾಕಿದ್ದೆ. "ಇದು ಪ್ರಯೋಗ, ಯಾವಾಗ ಬೇಕಾದರೂ ಬದಲಾಗಬಹುದು" ಅನ್ನುವುದೇ ಅದರ ಪರಿಚಯದ ಫೈಲ್ ರೀಡ್‌ಮಿಯ ಮೊದಲ ಸಾಲು. ಒಂದು ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಅದನ್ನು ಬಿಲ್ಲಿಂಗಿಗೆ ಜೋಡಿಸಿಕೊಂಡಿದ್ದ. ನನಗೆ ಗೊತ್ತೇ ಇರಲಿಲ್ಲ.

ಟ್ರ್ಯಾಕ್ಟರ್ ಕಾಟಾ ಹತ್ತಿದಾಗ ಅಂಕಿ ಕೆಲವು ಸೆಕೆಂಡ್ ಓಲಾಡುತ್ತದೆ, ಅಲ್ವಾ? ನನ್ನ ಫಂಕ್ಷನ್ ಅದು ನಿಲ್ಲುವ ತನಕ ಕಾಯುತ್ತಿತ್ತು. 0.4.3 ಆವೃತ್ತಿಯಲ್ಲಿ ಆ ಡಿಫಾಲ್ಟ್ (ಬಳಸುವವರು ಏನೂ ಹೇಳದಿದ್ದರೆ ನಡೆಯುವ ರೀತಿ) ಬದಲಿಸಿದೆ. ಬಂದ ಅಂಕಿಯನ್ನು ತಕ್ಷಣ ಕೊಡು, ಕಾಯಬೇಕು ಅನ್ನುವವರು ಹೇಳಿ ಕಾಯಿಸಿಕೊಳ್ಳಲಿ ಅಂತ. ಬದಲಾದದ್ದು ಒಂದೇ ಸಾಲು. ಹಾಗಾಗಿ ಆವೃತ್ತಿಯ ಕೊನೆಯ ಅಂಕಿಯನ್ನಷ್ಟೇ ಏರಿಸಿದೆ.

ನನ್ನ ತಪ್ಪು ಅದೇ. ಡಿಫಾಲ್ಟ್ ಬದಲಿಸಿದ್ದಲ್ಲ, ಅದನ್ನು ಕೊನೆಯ ಅಂಕಿಯೊಳಗೆ ಬಿಟ್ಟಿದ್ದು. ಆ ಹುಡುಗ ತನ್ನ ಕೆಲಸ ಸರಿಯಾಗೇ ಮಾಡಿದ್ದ. ~=0.4.2 ಅಂತ ಬರೆದಿಟ್ಟಿದ್ದ. ಅಂದರೆ 0.4ರ ಒಳಗಿನ ತಿದ್ದುಪಡಿ ಬರಲಿ, 0.5 ಬೇಡ. ನಾನು 0.5.0 ಅಂತ ಹಾಕಿದ್ದರೆ ಅವನ ಬೇಲಿ ಅದನ್ನು ತಡೆಯುತ್ತಿತ್ತು. ನಾನು ಬೇಲಿಯ ಒಳಗಿನಿಂದಲೇ ನುಗ್ಗಿಸಿದೆ. ಒಂದು ಸಾಲೋ ನೂರು ಸಾಲೋ ಅನ್ನುವುದು ನನ್ನ ಲೆಕ್ಕ. ಬಳಸುವವರ ಪ್ರೋಗ್ರಾಂ ನಿನ್ನೆಯಂತೆ ನಡೆಯುತ್ತದಾ ಅನ್ನುವುದು ಅವರ ಲೆಕ್ಕ. ಆವೃತ್ತಿಯ ಅಂಕಿ ಇರುವುದು ಅವರಿಗಾಗಿ. 0.y.z ಹಂತದಲ್ಲಿ ಏನು ಬೇಕಾದರೂ ಬದಲಾಗಬಹುದು ಅಂತ ಆವೃತ್ತಿಗೆ ಅಂಕಿ ಕೊಡುವ ನಿಯಮಾವಳಿ ಸೆಮ್ಯಾಂಟಿಕ್ ವರ್ಷನಿಂಗ್ ಹೇಳುತ್ತದೆ, ನಿಜ. ಆದರೆ ಪೈಪಿಐಯಿಂದ ಲೈಬ್ರರಿ ಇಳಿಸಿ ಹಾಕುವ ಪಿಪ್‌ಗೆ ಶುರುವಿನ ಸೊನ್ನೆ ವಿಶೇಷವೇನಲ್ಲ. ನಿಮ್ಮ ರೀಡ್‌ಮಿಯನ್ನಂತೂ ಅದು ಓದುವುದಿಲ್ಲ.

ಭತ್ತದ ಸುಗ್ಗಿ. ಮೂರು ದಿನ ಓಲಾಡುವ ತೂಕವೇ ಬಿಲ್ಲಿಗೆ ಹೋಯಿತು. ಬೇರೆ ಕಡೆ ತೂಗಿಸಿಕೊಂಡು ಬಂದಿದ್ದ ಕಾರಟಗಿ ಕಡೆಯ ರೈತರೊಬ್ಬರು 40 ಕೆಜಿ ಕಡಿಮೆ ಇದೆ ಅಂತ ಪಟ್ಟು ಹಿಡಿದು ಕೂತರು. ಮಾಲೀಕರು ಫೋನ್ ಮಾಡಿದರು: "ತಮ್ಮಾ, ಕಾಟಾದಾಗ ಒಂದು ತೋರ್ಸತೈತಿ, ಚೀಟ್ಯಾಗ ಒಂದು ಬರಾಕತ್ತೈತಿ." ನನ್ನ ಲೈಬ್ರರಿಯ ಎಂಐಟಿ ಲೈಸೆನ್ಸಿನಲ್ಲಿ ಯಾವ ಗ್ಯಾರಂಟಿಯೂ ಇಲ್ಲ ಅಂತ ಬರೆದಿದೆ. ಆ ರೈತರ ಮುಂದೆ ನಿಂತು ಅದನ್ನು ಓದಲು ನನ್ನಿಂದ ಆಗಲಿಲ್ಲ. ಮಿಲ್ಲಿನವರು ಒಬ್ಬೊಬ್ಬರನ್ನೂ ಕರೆಸಿ ಚೀಲದ ಲೆಕ್ಕದಲ್ಲಿ ಹಣ ಸರಿ ಮಾಡಿದರು. ಅವತ್ತು ರಾತ್ರಿಯೇ 0.4.3ನ್ನು ಯಾಂಕ್ ಮಾಡಿ (ಪಿಪ್ ಅದನ್ನು ತಾನಾಗಿ ಆರಿಸದಂತೆ ಗುರುತು ಹಾಕಿ), ಹಳೆಯ ಡಿಫಾಲ್ಟ್ ಇಟ್ಟು 0.4.4 ಹಾಕಿದೆ. (ಡಿಲೀಟ್ ಮಾಡಿ ಅದೇ ಹೆಸರಿನ ಫೈಲ್ ಮತ್ತೆ ಹಾಕಲು ಪೈಪಿಐ ಬಿಡುವುದಿಲ್ಲ, ನೆನಪಿರಲಿ.)

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರಯೋಗ ಹೌದೋ ಅಲ್ಲವೋ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಯಾರಾದರೂ ಅದನ್ನು ದಿನದ ಕೆಲಸಕ್ಕೆ ಬಳಸುತ್ತಿದ್ದರೆ ಬಹುಶಃ ಅದು ಆಗಲೇ 1.0.0 ಆಗಿರಬೇಕಿತ್ತು ಅಂತ ಸೆಮ್ಯಾಂಟಿಕ್ ವರ್ಷನಿಂಗ್‌ನವರೇ ಬರೆದಿದ್ದಾರೆ.

ಪ್ರಯೋಗ ನಿಲ್ಲಿಸಿ ಅಂತಲ್ಲ. ಆಲ್ಫಾ (ಶುರುವಿನ ಪ್ರಯೋಗ), ಆರ್‌ಸಿ (ಬಿಡುಗಡೆಗೆ ಮುಂಚಿನ ಕೊನೆಯ ಪರೀಕ್ಷೆಯ ಆವೃತ್ತಿ) ಅಂತ ಗುರುತು ಹಾಕಿ ಬಿಡಿ. ಸ್ಥಿರ ಆವೃತ್ತಿ ಇರುವಾಗ ಪಿಪ್ ಅವನ್ನು ತಾನಾಗಿ ಎಳೆಯುವುದಿಲ್ಲ, ಕೇಳಿದವರಿಗೆ ಮಾತ್ರ ಕೊಡುತ್ತದೆ. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯವರನ್ನು ನೋಡಿ. 2015ರಲ್ಲಿ 1.0 ಬಂದಾಗಿನಿಂದ 6 ವಾರಕ್ಕೊಂದು ಸ್ಥಿರ ಬಿಡುಗಡೆ. ಪ್ರಯೋಗದ ಸೌಲಭ್ಯ ಬೇಕಾದವರು ನೈಟ್ಲಿ (ದಿನಾ ತಯಾರಾಗುವ ಪ್ರಯೋಗದ ಆವೃತ್ತಿ) ಹಾಕಿಕೊಂಡು, ಕೋಡಿನಲ್ಲಿ ಅದರ ಹೆಸರು ಬರೆದು ಕೇಳಬೇಕು. ಸುಮ್ನೆ ಕೂತವರ ಮೇಲೆ ಅದು ಬಂದು ಬೀಳುವುದಿಲ್ಲ.

ಈಗ ನನ್ನ ಪ್ರತಿ ಆರ್‌ಸಿಯೂ ಮೊದಲು ಅದೇ ಮಿಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಒಂದು ವಾರ ಓಡುತ್ತದೆ. ಆ ಹುಡುಗ ಚೀಟಿ ಮತ್ತು ಕಾಟಾದ ಅಂಕಿ ಎರಡರ ಫೋಟೋ ಕಳಿಸುತ್ತಾನೆ. ಎರಡೂ ತಾಳೆಯಾದ ಮೇಲೇ ಬಿಡುಗಡೆ.